ಹಲ್ಲಿನ ತಂತಿ

ಫಕೀರವ್ವ ಸೊಸೆಯ ತಾಟಿಗೆ ಖಡಕ್ ರೊಟ್ಟಿಯನ್ನೇ ಹಾಕಿದಳು. ಬುಟ್ಟಿಯಲ್ಲಿ ಆಗಷ್ಟೇ ಬಡಿದ ಬಿಸಿರೊಟ್ಟಿ ಇದ್ದವು. ಅವು ಕಿರಿಯ ಮಗ ಶಶಿಕಾಂತನಿಗೂ ಮೊಮ್ಮಗಳು ಸೃಷ್ಟಿಗೂ ಹೋದವು. ಸುಕನ್ಯಾಳ ಪಾಲಿಗೆ ಬಂದದ್ದು ಎಂದೋ ಸುಟ್ಟು ಒಣಗಿಸಿಟ್ಟ, ಮುರಿದರೆ ಹಪ್ಪಳದಂತೆ ಸದ್ದು ಮಾಡುವ ರೊಟ್ಟಿ. ಅವಳು ಆ ಸಂಜೆಯಷ್ಟೇ ದೇಶಪಾಂಡೆ ನಗರದ ಡಾಕ್ಟರ ಹತ್ತಿರ ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದಿದ್ದಳು. ಬಾಯಿ ಮುಚ್ಚಿದರೂ ನೋವು, ತೆರೆದರೂ ನೋವು. ಎಲ್ಲ ಹಲ್ಲುಗಳೂ ಬುಡದಿಂದ ಸಡಿಲಾದಂತೆ ಅನಿಸುತ್ತಿತ್ತು.

"ತಿನ್ನು," ಎಂದಳು ಫಕೀರವ್ವ. "ಹಲ್ಲು ಛಲೋ ಆಗ್ಲಿ ಅಂತ ಹಾಕಿಸ್ಕೊಂಡು ಬಂದೀಯಲ್ಲ, ರೊಟ್ಟಿ ತಿನ್ನಾಕ ಬರಬೇಕಲ್ಲ ಮತ್ತ."

"ಯವ್ವಾ, ಇರ್ಲಿ ಬಿಡು," ಎಂದ ಶಶಿಕಾಂತ, ತಾಟಿನಿಂದ ತಲೆ ಎತ್ತದೆ.

"ನೀ ಸುಮ್ನಿರು. ನಾ ಒಂದ ಮಾತು ಕೇಳ್ತೇನಿ, ಆಕಿ ಹೇಳ್ಲಿ. ಗಂಡ ಸತ್ತ ಹೆಣ್ಣುಮಗಳು, ಎದಿಮಟ್ಟ ಬೆಳೆದ ಮಗಳನ್ನ ಮನ್ಯಾಗ ಇಟ್ಕೊಂಡು ಹಲ್ಲು ನೆಟ್ಟಗ ಮಾಡಿಸ್ಕೊಂಡು ಯಾರಿಗೆ ತೋರಿಸಬೇಕಾಗೇತಿ? ಯಾರ ಸಲುವಾಗಿ ಇದೆಲ್ಲಾ?"

ಸುಕನ್ಯಾ ರೊಟ್ಟಿಯನ್ನು ಸಣ್ಣಗೆ ಮುರಿದು ಮಜ್ಜಿಗೆಯಲ್ಲಿ ಹಾಕಿ, ಅದು ನೆನೆಯುವವರೆಗೂ ಕಾದು, ನಾಲಿಗೆಯಿಂದಲೇ ಒತ್ತಿ ನುಂಗಿದಳು. ಹದಿಮೂರು ವರ್ಷದ ಸೃಷ್ಟಿ ಅಜ್ಜಿಯ ಮುಖವನ್ನೊಮ್ಮೆ, ಅವ್ವನ ಬಾಯನ್ನೊಮ್ಮೆ ನೋಡಿದಳು. ಆಮೇಲೆ ನೋಡುವುದನ್ನೇ ಬಿಟ್ಟಳು.

ಸುಕನ್ಯಾಳ ಮೇಲಿನ ಹಲ್ಲುಗಳು ಮೊದಲಿನಿಂದಲೂ ಮುಂದಕ್ಕೆ ಬಾಗಿದ್ದವು. ಎಷ್ಟು ಒತ್ತಿ ಹಿಡಿದರೂ ತುಟಿಗಳು ಪೂರ್ತಿ ಕೂಡುತ್ತಿರಲಿಲ್ಲ. ಮದುವೆಯ ಫೋಟೋ ತೆಗೆಯುವಾಗ ಅವಳ ತಾಯಿಯೇ ಪಕ್ಕದಲ್ಲಿ ನಿಂತು "ಬಾಯಿ ಮುಚ್ಚು, ಬಾಯಿ ಮುಚ್ಚು" ಎಂದು ಪಿಸುಗುಟ್ಟಿದ್ದಳು. ಗಂಡ ಮುತ್ತು ಮಾತ್ರ ಆ ಬಗ್ಗೆ ಒಂದು ದಿನವೂ ಏನೂ ಅಂದವನಲ್ಲ. ಅವನು ಧಾರವಾಡದ ನೀರಾವರಿ ಕಚೇರಿಯ ಜೀಪು ನಡೆಸುತ್ತಿದ್ದ. ಸೃಷ್ಟಿ ಇನ್ನೂ ಸಾಲೆಯ ಒಂದನೆಯ ಇಯತ್ತೆಯಲ್ಲಿದ್ದಾಗ ಲಕಮನಹಳ್ಳಿ ಹತ್ತಿರ ಎದುರಿನಿಂದ ಬಂದ ಲಾರಿಗೆ ಸಿಕ್ಕು ಅಲ್ಲೇ ಹೋದ. ಅದೇ ಕಚೇರಿಯಲ್ಲಿ ಸುಕನ್ಯಾಳಿಗೆ ಅನುಕಂಪದ ನೌಕರಿ ಸಿಕ್ಕಿತು. ದಿನಾ ಬೆಳಿಗ್ಗೆ ಗಬ್ಬೂರಿನಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುವ ಬದುಕು.

ಫಕೀರವ್ವ ಬರೀ ಕೆಟ್ಟವಳೆಂದರೆ ಅದೂ ಸುಳ್ಳಾಗುತ್ತದೆ. ಸೊಸೆ ಏಳುವ ಮೊದಲೇ ಎದ್ದು ಅವಳ ಬುತ್ತಿ ಕಟ್ಟಿಡುತ್ತಿದ್ದಳು. ಮೊಮ್ಮಗಳಿಗೆ ಜ್ವರ ಬಂದರೆ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ. ಅವಳೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು, ಸೆರಗು ಹೊದ್ದು, ನೆಲ ನೋಡಿಕೊಂಡೇ ಇಡೀ ಗಬ್ಬೂರಿನಲ್ಲಿ ಓಡಾಡಿದವಳು. ಹಾಗಲ್ಲದೆ ಬೇರೆ ರೀತಿಯಲ್ಲೂ ಇರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸುಕನ್ಯಾಳೂ ಹಾಗೆಯೇ ಇದ್ದಳು.

ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ಸೆರಗಿನ ತುದಿಯನ್ನು ಬಾಯಿಗೆ ಹಿಡಿದೇ ಮಾತಾಡುವುದು ಅವಳ ರೂಢಿ. ಒಂದು ದಿನ ಕಿವಿ ಮಂದವಾದ ಮುದುಕನೊಬ್ಬ, "ಬಾಯಿ ಮುಚ್ಕೊಂಡು ಮಾತಾಡಿದ್ರ ನನಗ ಹೆಂಗ ತಿಳೀಬೇಕವಾ? ಸೆರಗ ತಗದು ಹೇಳು," ಎಂದ. ಅವನದೇನೂ ತಪ್ಪಿರಲಿಲ್ಲ. ಸುಕನ್ಯಾ ಸೆರಗು ಇಳಿಸಿ ಹೇಳಿದಳು. ಸಾಲಿನಲ್ಲಿ ನಿಂತವರೆಲ್ಲ ತನ್ನ ಹಲ್ಲನ್ನೇ ನೋಡುತ್ತಿದ್ದಾರೆ ಅನಿಸಿ ಮುಖವೆಲ್ಲ ಬಿಸಿಯಾಯಿತು. ಅದೇ ವಾರ ಮನೆಗೆ ಹೋಗುವ ಬದಲು ದೇಶಪಾಂಡೆ ನಗರಕ್ಕೆ ಹೋಗಿ ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತಳು. ಅವರು ಜಾಗ ಮಾಡಲೆಂದು ಮೇಲೆರಡು, ಕೆಳಗೆರಡು ಗಟ್ಟಿ ಹಲ್ಲುಗಳನ್ನೇ ಕಿತ್ತರು. ಆ ನೋವನ್ನು ಮನೆಯಲ್ಲಿ ಯಾರಿಗೂ ಹೇಳದೆ ನುಂಗಿಕೊಂಡಳು. ತಂತಿ ಕೂಡಿಸಿದ ದಿನ ಮುಚ್ಚಿಡಲು ಆಗಲಿಲ್ಲ.

ಗಬ್ಬೂರಿನ ಓಣಿಯಲ್ಲಿ ಮಾತು ಹಬ್ಬಲು ಹೊತ್ತು ಬೇಕಾಗಲಿಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಅವಳು ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಕಚೇರಿಯಲ್ಲಿ ಯಾರೋ ಇದ್ದಾನಂತೆ ಎಂಬ ಸುದ್ದಿ ಫಕೀರವ್ವನ ಕಿವಿಗೂ ಬಿತ್ತು. ಅವಳು ಅದನ್ನು ಸೊಸೆಯ ಮುಂದೆ ಆಡಲಿಲ್ಲ. ಆದರೆ ಬುತ್ತಿಗೂ ಖಡಕ್ ರೊಟ್ಟಿಯನ್ನೇ ಕಟ್ಟತೊಡಗಿದಳು.

ಒಂದು ಬೆಳಿಗ್ಗೆ ಸೃಷ್ಟಿ ಜಡೆ ಹಾಕಿಸಿಕೊಳ್ಳುತ್ತ, ಹಿಂದಿರುಗಿ ನೋಡದೆ, "ಅವ್ವ, ಸಾಲ್ಯಾಗ ಪಾಲಕರ ಮೀಟಿಂಗ್ ಐತಿ. ನೀ ಬರಬ್ಯಾಡ. ಕಾಕಾನ್ನ ಕಳಿಸು," ಎಂದಳು.

"ಯಾಕ?"

"ಹಂಗ."

"ಆತು," ಎಂದಳು ಸುಕನ್ಯಾ. ರಿಬ್ಬನ್ನು ಕಟ್ಟಿ ಮುಗಿಸಿದಳು. ಬಸ್ಸಿನಲ್ಲಿ ನಿಂತಾಗ ಮಗಳ ಮಾತನ್ನು ಮತ್ತೊಮ್ಮೆ ನೆನಪಿಸಿಕೊಂಡಳು. ಅಳು ಬರಬೇಕಿತ್ತು, ಬರಲಿಲ್ಲ. ಏನೂ ಬರಲಿಲ್ಲ.

ಆ ಮಳೆಗಾಲದಲ್ಲೇ ಅವಳ ಎಡತುಟಿಯ ತುದಿ ಮರಗಟ್ಟಿದಂತಾಯಿತು. ಮೊದಮೊದಲು ಇರುವೆ ಹರಿದಂತೆ, ಆಮೇಲೆ ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟಾಗ ಆಗಿತ್ತಲ್ಲ, ಹಾಗೆ. ತಂತಿ ಬಿಗಿಸಲು ಹೋದಾಗ ಹೇಳಿದಳು. ಡಾಕ್ಟರು, "ತಂತಿ ಒತ್ತಿದಾಗ ಕೆಲವರಿಗೆ ಹಂಗ ಅನಸ್ತದ್ರಿ, ಹೋಗ್ತದ," ಎಂದರು. ಅವಳು ನಂಬಿದಳು. ಮನೆಯಲ್ಲಿ ಎಲ್ಲರೂ ನಂಬಿದರು. ಆ ಮರಗಟ್ಟುವಿಕೆ ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿನ ಕೆಳಗಿನವರೆಗೆ ಏರಿತು. ತಂತಿ ಇದೆಯಲ್ಲ, ಅದಕ್ಕೇ ಎಂದು ಸುಮ್ಮನಿದ್ದಳು. ನೋವಿಲ್ಲದ್ದಕ್ಕೆ ಯಾರ ಹತ್ತಿರ ಏನೆಂದು ಹೇಳುವುದು?

ಒಂದು ದಿನ ಚಹಾ ಕುಡಿಯುತ್ತಿದ್ದಾಗ ಸೃಷ್ಟಿ ಅವಳನ್ನೇ ದಿಟ್ಟಿಸಿ, "ಅವ್ವ, ನಿನ್ನ ತುಟಿ ಸುಟ್ಟೈತಿ. ಗುಳ್ಳಿ ಎದ್ದೈತಿ ನೋಡು," ಎಂದಳು. ಸುಕನ್ಯಾ ಕೈಯಿಂದ ಮುಟ್ಟಿ ನೋಡಿಕೊಂಡಳು. ಬೆರಳಿಗೆ ತುಟಿ ಸಿಕ್ಕಿತು, ತುಟಿಗೆ ಬೆರಳು ಸಿಗಲಿಲ್ಲ.

"ತಂತಿ ಹಾಕಿಸ್ಕೊಂಡಿದ್ದಕ್ಕ ಇನ್ನೂ ಏನೇನು ಆಗೂದೈತೋ," ಎಂದಳು ಫಕೀರವ್ವ ಒಲೆಯ ಮುಂದಿನಿಂದ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಧಾರವಾಡದಲ್ಲಿ ಬಸ್ಸಿನಿಂದ ಇಳಿಯುವಾಗ ಅವಳಿಗೆ ನೆಲವೇ ಓರೆಯಾದಂತಾಗಿ ಬಿದ್ದುಬಿಟ್ಟಳು. ಅದೇ ಕಚೇರಿಯ ಮಾಶಾಬಿ ಜೊತೆಗಿದ್ದಳು. ಎಬ್ಬಿಸಿ, ಸೀರೆ ಝಾಡಿಸಿ, "ಇದು ಹಲ್ಲಿಂದಲ್ಲ ಸುಕನ್ಯಾ, ನಡಿ," ಎಂದು ನರದ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹೊಸೆದುಕೊಂಡರು. "ಕಣ್ಣು ಮುಚ್ರಿ. ಹತ್ತಿ ತಾಗಿದ ಕೂಡಲೆ ಹೇಳ್ರಿ."

ಬಲಗೆನ್ನೆಗೆ ತಾಗಿತು. "ಹೂಂ," ಎಂದಳು. ಆಮೇಲೆ ಕಾದಳು. ಎಡಗಡೆ ಯಾವಾಗ ಶುರು ಮಾಡುತ್ತಾರೋ ಎಂದು ಕಾಯುತ್ತಲೇ ಇದ್ದಳು. ಕಣ್ಣು ತೆರೆದು ನೋಡಿದರೆ ಡಾಕ್ಟರು ಹತ್ತಿಯನ್ನು ಬುಟ್ಟಿಗೆ ಹಾಕಿ ಬರೆಯಲು ಕೂತಿದ್ದರು. ಮಾಶಾಬಿ ಮುಖ ಬೇರೆ ಕಡೆ ತಿರುಗಿಸಿದ್ದಳು.

ಹುಬ್ಬಳ್ಳಿಯಲ್ಲಿ ಎಂ.ಆರ್.ಐ. ಮಾಡಿಸಬೇಕೆಂದರು. ಸ್ಕ್ಯಾನಿನ ದಿನ ಶಶಿಕಾಂತ ಗದಗಿಗೆ ಮೋಟರು ರಿಪೇರಿಗೆಂದು ಹೋಗಿದ್ದ. ಮನೆಯವರು ಯಾರಾದರೂ ಜೊತೆಗಿರಬೇಕು ಎಂದಿದ್ದರಿಂದ ಫಕೀರವ್ವನೇ ಹೊರಟಳು.

ಸ್ಕ್ಯಾನಿನ ಕೋಣೆಯ ಹೊರಗೆ ಕೆಲಸದ ಹುಡುಗಿಯೊಬ್ಬಳು ಬಂದು, ದಿನಾ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ ಕೇಳಿದಳು. "ಮೈಮ್ಯಾಲಿನ ಲೋಹದ್ದೆಲ್ಲಾ ತಗೀಬೇಕ್ರಿ. ಬಳಿ?"

"ಇಲ್ರಿ."

"ಕಾಲುಂಗುರ?"

"ಇಲ್ರಿ."

"ತಾಳಿ, ಮೂಗುತಿ?"

ಹಿಂದಿನಿಂದ ಫಕೀರವ್ವ ಹೇಳಿದಳು: "ಆಕಿಗೆ ಯಾವುದೂ ಇಲ್ಲ ತಂಗಿ. ನಾವೇ ತಗಸೇವಿ."

ಹುಡುಗಿ ಅವಳತ್ತ ತಿರುಗಿ, "ನೀವೂ ಒಳಗ ಕುಂದರ್ತೀರೇನು? ನಿಮ್ಮವೂ ತಗೀಬೇಕಾಗ್ತದ," ಎಂದಳು.

"ನನಗೂ ಇಲ್ಲ."

ಆಗ ಸುಕನ್ಯಾ ತುಟಿ ಅಗಲಿಸಿ ತೋರಿಸಿದಳು. "ಇದೊಂದು ಐತ್ರಿ."

ಹುಡುಗಿ ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ಹಲ್ಲಿಗೆ ಗಟ್ಟಿಯಾಗಿ ಅಂಟಿದ್ದರೆ ಅಪಾಯವೇನಿಲ್ಲ, ಚಿತ್ರ ಮಾತ್ರ ಕೆಡಬಹುದು, ಒಮ್ಮೆ ನೋಡೋಣ ಎಂದರಂತೆ. ಸುಕನ್ಯಾಳನ್ನು ಮಲಗಿಸಿ, ಕಿವಿಗೆ ಹತ್ತಿ ತುಂಬಿ, ಕೊಳವೆಯಂಥ ಯಂತ್ರದೊಳಗೆ ತಲೆ ಸರಿಸಿದರು. ಹಲಗೆಗೆ ಸುತ್ತಿಗೆಯಿಂದ ಬಡಿದಂತೆ ಸದ್ದು. ನಿಲ್ಲುವುದು, ಮತ್ತೆ ಬೇರೆ ಬಗೆಯಲ್ಲಿ ಶುರುವಾಗುವುದು. ಬಲಗಡೆಯ ಹಲ್ಲುಗಳನ್ನು ಯಾರೋ ಮೆಲ್ಲಗೆ ಹಿಡಿದು ಎಳೆದಂತೆ ಅನಿಸಿತು. ಎಡಗಡೆ ಏನೂ ಇಲ್ಲ. ಹೆದರಿಕೆಯಾಗಬಹುದು, ಹಾಗಾದರೆ ಕೈಯಲ್ಲಿನ ಗುಂಡಿ ಒತ್ತಿ ಎಂದಿದ್ದರು. ಅವಳಿಗೆ ಹೆದರಿಕೆಯಾಗಲಿಲ್ಲ. ಇಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ ಎಂದುಕೊಂಡು ಕಣ್ಣು ಮುಚ್ಚಿ ಮಲಗಿದಳು.

ಸ್ಕ್ಯಾನಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ತಲೆಯ ಹಿಂಭಾಗವೆಲ್ಲ ಚೊಕ್ಕವಾಗಿ ಮೂಡಿತ್ತು. ಮುಖವಿರಬೇಕಾದ ಕಡೆ ಮಸಿ ಚೆಲ್ಲಿದಂತೆ ಕಪ್ಪು.

"ಇದು ನಿಮ್ಮ ತಂತಿಯ ನೆರಳ್ರಿ. ನಾವು ನೋಡಬೇಕಾದ ಕೆನ್ನಿಯ ನರ ಇದರ ಕೆಳಗೇ ಮುಚ್ಚಿ ಹೋಗ್ಯದ. ಏನೋ ಅದ ಅಂತ ಸಂಶಯ ಅದ, ಆದರ ಕಾಣವಲ್ದು. ತಂತಿ, ಹಲ್ಲಿಗೆ ಅಂಟಿಸಿದ್ದು, ಎಲ್ಲಾ ತಗಸ್ಕೊಂಡು ಬರ್ರಿ. ತಡಾ ಮಾಡಬ್ಯಾಡ್ರಿ."

ಅಲ್ಲಿಂದ ಅತ್ತೆ ಸೊಸೆ ನೇರ ದೇಶಪಾಂಡೆ ನಗರಕ್ಕೆ ಹೋದರು. ಹಲ್ಲಿನ ಡಾಕ್ಟರು ಈ ಸಲ ಬಹಳ ಮೆಲ್ಲಗೆ ಮಾತಾಡಿದರು. "ತಗೀತೇನ್ರಿ. ಆದರ ಹಲ್ಲು ಅರ್ಧ ದಾರಿಗೆ ಬಂದಾವ, ಬಿಟ್ಟ ಕೂಡಲೆ ವಾಪಸ್ ಹೋಗ್ತಾವ. ಕಿತ್ತ ಹಲ್ಲಿನ ಸಂದು ಹಂಗೇ ಉಳೀತಾವ. ಹಲ್ಲು ಸರಿಯದಂಗ ಹಿಡಿಯಾಕ ಬ್ಯಾರೆಯವರಿಗೆ ಪ್ಲೇಟು ಕೊಡ್ತೇನಿ. ನಿಮಗ ಕೊಟ್ಟರ ಅದು ಒಳಗ ಚುಚ್ಚಿ ಗಾಯ ಆದ್ರೂ ಗೊತ್ತಾಗೂದಿಲ್ಲ."

"ನಾಳೆ ಬರ್ತೇನ್ರಿ," ಎಂದು ಸುಕನ್ಯಾ ಎದ್ದಳು.

ಸಂಜೆ ಗದಗಿನಿಂದ ಬಂದ ಶಶಿಕಾಂತನಿಗೆ ಸಿಟ್ಟು ಬಂದಿತು. "ಇದರಾಗ ವಿಚಾರ ಮಾಡೂದೇನೈತಿ ವೈನಿ? ಇವತ್ತೇ ತಗಸ್ಕೊಂಡು ಬರಬೇಕಿತ್ತು. ಜೀವಕ್ಕಿಂತ ಹಲ್ಲು ಹೆಚ್ಚಾದುವೇನು ನಿಮಗ?"

"ತಗಸೂದಿಲ್ಲ ಅಂದಿಲ್ಲ ಶಶಿಕಾಂತ," ಎಂದಳು ಸುಕನ್ಯಾ. "ಒಂದಿನ ಇರ್ಲಿ ಅಂದೇನಿ, ಅಷ್ಟೇ."

ಅವನು ಹೊರಗೆ ಹೋದ. ಸೃಷ್ಟಿ ಪುಸ್ತಕ ತೆರೆದಿಟ್ಟುಕೊಂಡು ಓದದೆ ಕೂತಿದ್ದಳು. ಹಾಳೆಯ ಮೇಲೆ ಟಪ್ಪೆಂದು ಹನಿ ಬಿತ್ತು. ಎದ್ದು ಅವಳೂ ಕಾಕಾನ ಹಿಂದೆ ಹೋದಳು. ಅಡುಗೆಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ ಉಳಿದರು. ಫಕೀರವ್ವ ಹಿಟ್ಟು ನಾದುತ್ತಿದ್ದಳು. ನಾದಿ ಆದ ಮೇಲೂ ನಾದುತ್ತಲೇ ಇದ್ದಳು.

"ಸುಕನ್ಯಾ, ಒಂದು ಮಾತು ಕೇಳಲೇನು?"

"ಕೇಳ್ರಿ ಅತ್ತಿ."

"ಯಾರ ಸಲುವಾಗಿ ಹಾಕಿಸ್ಕೊಂಡಿದ್ದಿ? ನಾ ಬೈಯಾಕ ಕೇಳಾಕತ್ತಿಲ್ಲ. ಖರೇ ಹೇಳು."

ಇಷ್ಟು ದಿನ ಹೊರಡದ ಮಾತು ಈಗ ತಾನಾಗಿಯೇ ಹೊರಟಿತು. ಅದನ್ನು ಹೇಳುವಾಗ ಸುಕನ್ಯಾಳ ಎದೆ ಬಡಿದುಕೊಳ್ಳಲೂ ಇಲ್ಲ. "ನನ್ನ ಸಲುವಾಗೇ ಅತ್ತಿ. ಬ್ಯಾರೆ ಯಾರೂ ಇಲ್ಲ. ಬಾಯಿ ಮುಚ್ಚಿದ್ರ ತುಟಿ ಕೂಡಬೇಕು ಅನ್ನಿಸಿತ್ತು. ಸೆರಗು ಹಿಡೀದೆ ಮಾತಾಡಬೇಕು ಅನ್ನಿಸಿತ್ತು. ಅಷ್ಟೇ."

ಫಕೀರವ್ವನ ಕೈ ನಿಂತಿತು. ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜಿ ಬಿಡಿಸಿಕೊಂಡಳು.

"ನಿಮ್ಮ ಮಾವ ಸತ್ತು ಎರಡು ವರ್ಷ ಆಗಿತ್ತು," ಎಂದಳು. "ಹೊಲಕ್ಕ ಹೋಗಿ ಬಂದು ಕಾಲು ಒಡದಿದ್ವು. ಹುಬ್ಬಳ್ಳಿ ಪ್ಯಾಟ್ಯಾಗ ಒಂದು ಜೋಡು ಚಪ್ಲಿ ತೊಗೊಂಡೆ, ಕೆಂಪು ಪಟ್ಟಿದು. ಕಪ್ಪೂ ಇದ್ವು, ನಾ ಕೆಂಪನ್ನ ತೊಗೊಂಡೆ. ನಮ್ಮತ್ತಿ ಅವನ್ನ ಒಲಿಗೆ ಹಾಕಿದ್ಲು. ಯಾರ ಸಲುವಾಗಿ ತಂದಿ ಅಂತ ಕೇಳಿದ್ಲು. ನನಗೂ ಹೇಳಾಕ ಬರಲಿಲ್ಲ." ಹಿಟ್ಟಿನ ಉಂಡೆ ಕಟ್ಟಿದಳು. "ಮುಂದ ನನಗ ಚಪ್ಲಿ ಹಾಕೋಬೇಕು ಅಂತ ಅನ್ನಿಸ್ಲೇ ಇಲ್ಲ."

ಅಷ್ಟು ಹೇಳಿ ರೊಟ್ಟಿ ಬಡಿಯಲು ಶುರು ಮಾಡಿದಳು. ಆ ಸಂಜೆ ಸುಕನ್ಯಾಳ ತಾಟಿಗೆ ಬಿಸಿರೊಟ್ಟಿ ಬಿತ್ತು. ಅವಳು ಬಲಗಡೆಯಿಂದ ಅಗಿದು ಉಂಡಳು. ರುಚಿ ಹತ್ತಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ಒಂದೊಂದನ್ನೇ ಬಿಡಿಸಿದರು. ಹಲ್ಲಿನಿಂದ ಲೋಹ ಬಿಡುವಾಗ ಒಣಕಡ್ಡಿ ಮುರಿದಂತೆ ಸದ್ದಾಗುತ್ತಿತ್ತು. ಬಲಗಡೆ ಬಿಡಿಸಿದಾಗಲೆಲ್ಲ ಕಣ್ಣಲ್ಲಿ ನೀರು ತುಂಬುವಷ್ಟು ನೋವು. ಎಡಗಡೆ ಸದ್ದು ಮಾತ್ರ. ಎಲ್ಲ ಮುಗಿದ ಮೇಲೆ ಕನ್ನಡಿ ಕೊಟ್ಟರು. ಅವಳು ನೋಡಿಕೊಳ್ಳಲಿಲ್ಲ. ಮೂಲೆಯಲ್ಲಿ ನಿಂತಿದ್ದ ಫಕೀರವ್ವ ಮುಂದೆ ಬಂದು, "ಸಾಹೇಬ್ರ, ಆರಾಮ ಆದ ಮ್ಯಾಲ ಮತ್ತ ಹಾಕಾಕ ಬರ್ತಾವೇನ್ರಿ ಇವು?" ಎಂದು ಕೇಳಿದಳು.

ಡಾಕ್ಟರು ಕೈಗವಸು ಬಿಚ್ಚುತ್ತ ಅವಳನ್ನು ನೋಡಿದರು. "ಅದು ಈಗ ಹೇಳಾಕ ಬರೂದಿಲ್ರವಾ. ಮೊದಲ ಆಕಿ ಉಳೀಲಿ."

ಎರಡನೆಯ ಸಲದ ಚಿತ್ರದಲ್ಲಿ ಎಲ್ಲವೂ ಕಂಡಿತು. ಕೆನ್ನೆಗೆ ಹೋಗುವ ನರದ ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಬೆಳೆದು ಮೆದುಳನ್ನು ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದರು. ನರ ಉಳಿಯುತ್ತದೆಯೇ ಎಂದು ಶಶಿಕಾಂತ ಕೇಳಿದ. "ಸಣ್ಣದಿದ್ದಾಗ ಸಿಕ್ಕಿದ್ದರ ಉಳಿಸಬಹುದಿತ್ತೇನೋ. ಮರಗಟ್ಟಿದ್ದು ಭಾಳ ದಿನ ಆಗ್ಯದಲ್ಲ, ಯಾಕ ಸುಮ್ನ ಕುಂತಿದ್ರಿ?" ಎಂದರು ಡಾಕ್ಟರು. ಫಕೀರವ್ವ ಹೇಳಿದಳು, "ತಂತೀದು ಅಂತ ತಿಳಕೊಂಡ್ವಿರಿ... ನಾನೂ ಹಂಗೇ ಅಂದ್ಕೋತ ಬಂದೆ."

ಬೆಂಗಳೂರಿನ ಸರಕಾರಿ ದವಾಖಾನೆಯಲ್ಲಿ ಆಪರೇಶನ್ ಆಯಿತು. ಸುಕನ್ಯಾ ಉಳಿದಳು. ನರ ಉಳಿಯಲಿಲ್ಲ. ಎಡಗಣ್ಣಿನಿಂದ ಗದ್ದದವರೆಗಿನ ಭಾಗ ಇನ್ನು ಹೀಗೆಯೇ ಎಂದು ಹೇಳಿ ಕಳಿಸಿದರು. ಕಣ್ಣಿಗೆ ಕಸ ಬಿದ್ದರೂ ತಿಳಿಯುವುದಿಲ್ಲ, ದಿನಾ ಔಷಧ ಹಾಕಬೇಕು. ಉಣ್ಣುವಾಗ ಕೆನ್ನೆಯನ್ನೇ ಕಚ್ಚಿಕೊಳ್ಳಬಹುದು, ನೋಡಿಕೊಳ್ಳಬೇಕು.

ಬೇಸಿಗೆ ಬರುವಷ್ಟರಲ್ಲಿ ಹಲ್ಲುಗಳು ಬಹುಪಾಲು ತಮ್ಮ ಹಳೆಯ ಜಾಗಕ್ಕೆ ಮರಳಿದ್ದವು. ಕಿತ್ತ ಕಡೆ ಸಂದುಗಳು ಕಾಣುತ್ತಿದ್ದವು. ಸುಕನ್ಯಾ ಮತ್ತೆ ಕಿಟಕಿಯ ಹಿಂದೆ ಕೂತಳು. ಸೆರಗು ಹಿಡಿಯುವ ರೂಢಿ ತಪ್ಪಿಹೋಗಿತ್ತು. ಜನ ನೋಡುತ್ತಿದ್ದರು. ನೋಡಲಿ ಎಂಬ ಹಟವೇನೂ ಅವಳಲ್ಲಿರಲಿಲ್ಲ. ನೋಡಿದ್ದು ತಾಗುತ್ತಿರಲಿಲ್ಲ, ಅಷ್ಟೆ. ಹೊಸ ವರ್ಷದ ಸಾಲೆ ಶುರುವಾದಾಗ ಸೃಷ್ಟಿ ಬಾಗಿಲಲ್ಲಿ ನಿಂತು, "ಮೀಟಿಂಗಿಗೆ ನೀನೇ ಬಾ ಅವ್ವ. ಕಾಕಾ ಬ್ಯಾಡ," ಎಂದಳು. ಸುಕನ್ಯಾ ಹೋಗಿ ಬಂದಳು. ಬರುವಾಗ ಮಗಳು ಅವಳ ಎಡಗಡೆಗೇ ನಡೆಯುತ್ತ, ಧೂಳು ಬಂದಾಗಲೆಲ್ಲ ಅಂಗೈ ಅಡ್ಡ ಹಿಡಿದು ಅವ್ವನ ಕಣ್ಣು ಕಾಯ್ದಳು.

ಕಣ್ಣಿಗೆ ಔಷಧ ಹಾಕುವ ಕೆಲಸವನ್ನು ಫಕೀರವ್ವ ತಾನೇ ವಹಿಸಿಕೊಂಡಿದ್ದಳು. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಸೊಸೆಯನ್ನು ಗೋಡೆಗೆ ಒರಗಿಸಿ ಕೂಡಿಸಿ, ರೆಪ್ಪೆ ಅಗಲಿಸಿ ಹನಿ ಬಿಟ್ಟಳು. ಹರಿದದ್ದನ್ನು ಸೆರಗಿನಿಂದ ಒರೆಸಿದಳು. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಯಾವಾಗಲೂ ಬಾಟಲಿಯ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದಳು. ಆ ದಿನ ಏಳಲಿಲ್ಲ.

"ಈಗ ನೋವು ಏನರ ಐತೇನವಾ?" ಎಂದು ಕೇಳಿದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಸೊಸೆಯನ್ನು ಹಾಗೆ ‘ಅವ್ವ’ ಎಂದು ಕರೆದವಳಲ್ಲ.

"ಇಲ್ಲ ಅತ್ತಿ."

ಫಕೀರವ್ವ ಕೈ ಎತ್ತಿ ಸೊಸೆಯ ಕೆನ್ನೆಯ ಮೇಲಿಟ್ಟಳು. ದಿನಾ ಔಷಧಕ್ಕೆಂದು ಮುಟ್ಟುತ್ತಿದ್ದಳು ನಿಜ, ಕೆಲಸವಿಲ್ಲದೆ ಮುಟ್ಟಿದ್ದು ಇದೇ ಮೊದಲು. ಯಾವ ಕೆನ್ನೆ ಎಂಬುದು ಆಗ ಅವಳ ನೆನಪಿನಲ್ಲಿರಲಿಲ್ಲ. ಸುಕನ್ಯಾ ಕಣ್ಣಂಚಿನಲ್ಲಿ ಆ ಕೈಯನ್ನು ಕಂಡಳು. ಉಬ್ಬಿದ ನರಗಳು, ಬರಿದಾದ ಮುಂಗೈ, ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದ ಹೆಬ್ಬೆರಳು. ಬಿಸಿಯೋ ತಂಪೋ, ಒರಟೋ ಮೆತ್ತಗೋ, ಒಂದೂ ತಿಳಿಯಲಿಲ್ಲ.

ಈ ಕಡೆ ಇಡ್ರಿ ಅತ್ತಿ ಎಂದು ಹೇಳಬಹುದಿತ್ತು. ಹೇಳಿದರೆ ಮುದುಕಿ ಬೆಚ್ಚಿ ಕೈ ತೆಗೆದುಬಿಡುತ್ತಿದ್ದಳು, ಮತ್ತೆ ಎಂದೂ ಇಡುತ್ತಿರಲಿಲ್ಲವೇನೋ. ಸುಕನ್ಯಾ ಹೇಳಲಿಲ್ಲ. ಆ ಕೈ ತಾನಾಗಿ ಇಳಿಯುವವರೆಗೂ ಕದಲದೆ ಕೂತಿದ್ದಳು.